ಮಗುವನ್ನು ತಡೆಯಲಾಗದೆ ಮೂಟೆಯನ್ನು ತಡೆದ ಕಾನೂನು

1916ರಲ್ಲಿ ಅಮೆರಿಕ ಬಾಲಕಾರ್ಮಿಕ ಪದ್ಧತಿಯನ್ನು ನಿಷೇಧಿಸಿತು ಎಂದು ಅಲ್ಲಲ್ಲಿ ಓದಲು ಸಿಗುತ್ತದೆ. ಆ ವರ್ಷದ ಕೀಟಿಂಗ್–ಓವೆನ್ ಕಾಯ್ದೆಯನ್ನೇ ತೆರೆದು ನೋಡಿದರೆ, ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು ಎಂಬ ಮಾತು ಅದರಲ್ಲಿ ಇಲ್ಲ. ಅದು ಮಾತಾಡುವುದು ಸರಕಿನ ಬಗ್ಗೆ. ಕಾರ್ಖಾನೆಯಿಂದ ಮಾಲು ಹೊರಡುವುದಕ್ಕೆ ಹಿಂದಿನ 30 ದಿನಗಳಲ್ಲಿ ಅಲ್ಲಿ 14 ತುಂಬದ ಮಗು ದುಡಿದಿದ್ದರೆ ಆ ಮಾಲು ರಾಜ್ಯದ ಗಡಿ ದಾಟಕೂಡದು. ಗಣಿಯಾದರೆ ವಯಸ್ಸು 16. ಹದಿನಾಲ್ಕರಿಂದ ಹದಿನಾರರೊಳಗಿನವರನ್ನು ದಿನಕ್ಕೆ 8 ಗಂಟೆಗಿಂತ, ವಾರಕ್ಕೆ 6 ದಿನಕ್ಕಿಂತ ಹೆಚ್ಚು ದುಡಿಸಿದ್ದರೂ, ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಕೆಲಸಕ್ಕೆ ಹಚ್ಚಿದ್ದರೂ ಇದೇ ನಿಯಮ. ಅದೇ ರಾಜ್ಯದೊಳಗೆ ಮಾರಿಕೊಳ್ಳುವ ಮಾಲಿಗೆ ಯಾವ ತಕರಾರೂ ಇಲ್ಲ.

ನೇರವಾಗಿ ಹೇಳಬಹುದಾದ್ದನ್ನು ಇಷ್ಟು ಸುತ್ತಿ ಬಳಸಿ ಹೇಳಿದ್ದಕ್ಕೆ ಕಾರಣ ಅಲ್ಲಿನ ಸಂವಿಧಾನ. ನಮ್ಮಲ್ಲಿ ಕಾರ್ಮಿಕರ ವಿಷಯ ಸಮವರ್ತಿ ಪಟ್ಟಿಯಲ್ಲಿದೆ; ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಅಮೆರಿಕದಲ್ಲಿ ಆಗ ಜನರ ಆರೋಗ್ಯ, ಸುರಕ್ಷತೆ, ದುಡಿಮೆ ಎಲ್ಲವೂ ರಾಜ್ಯಗಳ ಪಾಲು. ಕೇಂದ್ರದ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಸಂವಿಧಾನ ಎಣಿಸಿ ಕೊಟ್ಟ ಅಧಿಕಾರಗಳಷ್ಟೇ ಉಂಟು. ಅವುಗಳಲ್ಲಿ ಸುಧಾರಕರ ಕೈಗೆ ಎಟುಕಿದ್ದು ಎರಡು: ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸುವುದು, ತೆರಿಗೆ ಹಾಕುವುದು. ಒಂದು ರಾಜ್ಯ ತಾನಾಗಿಯೇ ಬಿಗಿ ಮಾಡಿದರೆ ಗಿರಣಿಗಳು ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎಂಬ ಭಯ ಬೇರೆ. ಉತ್ತರದ ಮ್ಯಾಸಚೂಸೆಟ್ಸ್ ನಿಯಮ ಬಿಗಿಗೊಳಿಸುತ್ತಾ ಹೋದ ಕಾಲದಲ್ಲೇ ದಕ್ಷಿಣದ ಕೆರೊಲಿನಾಗಳಲ್ಲಿ ಹತ್ತಿ ಗಿರಣಿಗಳು ಬೆಳೆದವು.

1890ರಿಂದ 1920ರವರೆಗಿನ ಅವಧಿಯನ್ನು ಇತಿಹಾಸಕಾರರು ಪ್ರೋಗ್ರೆಸಿವ್ ಯುಗ ಎನ್ನುತ್ತಾರೆ. ಪತ್ರಕರ್ತರು, ಚರ್ಚುಗಳು, ಮಹಿಳಾ ಸಂಘಗಳು, ಶಿಕಾಗೋದ ಹಲ್ ಹೌಸ್‌ನಂಥ ಸೇವಾಕೇಂದ್ರಗಳು, ಕಾರ್ಮಿಕ ಸಂಘಗಳು ಬೇರೆ ಬೇರೆ ದಿಕ್ಕಿನಿಂದ ಒತ್ತಡ ತಂದು ಡಜನ್‌ಗಟ್ಟಲೆ ಕಾನೂನು ಮಾಡಿಸಿದವು. ಕೆಲವು ಇಂದಿಗೂ ನಿಂತಿವೆ, ಕೆಲವು ಹದಿನಾಲ್ಕು ವರ್ಷದೊಳಗೇ ಬಿದ್ದವು. ಉದ್ದೇಶ ಎಷ್ಟು ಒಳ್ಳೆಯದಿತ್ತು ಎಂಬುದರಿಂದ ಈ ವ್ಯತ್ಯಾಸ ಅರ್ಥವಾಗುವುದಿಲ್ಲ. ತಪಾಸಣೆ ಮಾಡುವವನು ಯಾರು, ಅವನ ಸಂಬಳ ಕೊಡುವವರು ಯಾರು, ಕಾನೂನನ್ನು ಸಂವಿಧಾನದ ಯಾವ ಗೂಟಕ್ಕೆ ಕಟ್ಟಿದ್ದಾರೆ ಎಂದು ನೋಡಬೇಕು.

ಠಸ್ಸೆ ಇಲ್ಲದ ಮಾಂಸ ರೈಲು ಹತ್ತದು

ಕಟ್ಟು ಗಟ್ಟಿಯಾಗಿ ಕೂತ ಉದಾಹರಣೆ 1906ರ ಮಾಂಸ ತಪಾಸಣಾ ಕಾಯ್ದೆ. ಶಿಕಾಗೋದ ಕಸಾಯಿಖಾನೆಗಳ ಕುರಿತ ‘ದಿ ಜಂಗಲ್’ ಕಾದಂಬರಿ ಆ ವರ್ಷ ಬಂತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾದಂಬರಿಯನ್ನೇ ನಂಬಿ ಕೂರದೆ, ಚಾರ್ಲ್ಸ್ ನೀಲ್ ಮತ್ತು ಜೇಮ್ಸ್ ರೆನಾಲ್ಡ್ಸ್ ಎಂಬಿಬ್ಬರನ್ನು ಸ್ಥಳಕ್ಕೆ ಕಳಿಸಿ ವರದಿ ತರಿಸಿಕೊಂಡರು. ಕಾಯ್ದೆಯ ಪ್ರಕಾರ ಕೊಯ್ಯುವ ಮುಂಚೆ ಪ್ರಾಣಿಯನ್ನೂ ಕೊಯ್ದ ಮೇಲೆ ಮಾಂಸವನ್ನೂ ಸರ್ಕಾರಿ ಇನ್‌ಸ್ಪೆಕ್ಟರ್ ನೋಡಬೇಕು, ಪಾಸಾದದ್ದಕ್ಕೆ ಠಸ್ಸೆ ಹೊಡೆಯಬೇಕು, ಕೆಟ್ಟದ್ದನ್ನು ಅವನ ಕಣ್ಣೆದುರೇ ನಾಶ ಮಾಡಬೇಕು. ಠಸ್ಸೆ ಇಲ್ಲದ ಮಾಂಸವನ್ನು ಬೇರೆ ರಾಜ್ಯಕ್ಕೆ ಸಾಗಿಸುವಂತಿಲ್ಲ. ಜೊತೆಗೆ ವರ್ಷಕ್ಕೆ 30 ಲಕ್ಷ ಡಾಲರ್ ಕೇಂದ್ರದ ಖಜಾನೆಯಿಂದಲೇ ಮಂಜೂರಾಯಿತು. ತಪಾಸಣೆಯ ಖರ್ಚನ್ನು ಕಂಪನಿಗಳೇ ಭರಿಸಬೇಕು, ಡಬ್ಬಿಯ ಮೇಲೆ ತಯಾರಾದ ದಿನಾಂಕ ಇರಬೇಕು ಎಂದು ಸೆನೆಟರ್ ಬೆವರಿಜ್ ಪಟ್ಟು ಹಿಡಿದಿದ್ದರು. ರಾಜಿಯಲ್ಲಿ ಎರಡೂ ಹೋದವು. ದೊಡ್ಡ ಕಂಪನಿಗಳಿಗೆ ಸರ್ಕಾರದ ಖರ್ಚಿನಲ್ಲಿ ಪುಕ್ಕಟೆ ಸರ್ಟಿಫಿಕೇಟು ಸಿಕ್ಕಿತು. ಯುರೋಪಿನ ಗಿರಾಕಿಗಳ ವಿಶ್ವಾಸ ಉಳಿಸಿಕೊಳ್ಳಲು ಅವರಿಗೂ ಅದು ಬೇಕಾಗಿತ್ತು. ಈ ಕಾನೂನು ನಿಂತದ್ದಕ್ಕೆ ಅದೂ ಒಂದು ಕಾರಣ. ಕಾದಂಬರಿ ಬರೆದವರ ಕಾಳಜಿ ಇದ್ದದ್ದು ಅಲ್ಲಿ ಬೆರಳು ಕಳೆದುಕೊಳ್ಳುವ ಕಾರ್ಮಿಕರ ಮೇಲೆ. ಆ ಕಾರ್ಮಿಕರಿಗೆ ಈ ಕಾಯ್ದೆಯಲ್ಲಿ ಒಂದು ಸಾಲೂ ಸಿಗಲಿಲ್ಲ.

ಅದೇ ದಿನ, 1906ರ ಜೂನ್ 30ರಂದು, ಸಹಿಯಾದ ಆಹಾರ ಮತ್ತು ಔಷಧ ಕಾಯ್ದೆ ಅಷ್ಟು ಗಟ್ಟಿಯಿರಲಿಲ್ಲ. ಅದರ ಹಿಂದೆ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ ಅವರ ಬಹಳ ವರ್ಷಗಳ ಕೆಲಸವಿತ್ತು. 1902ರಲ್ಲಿ ಅವರು 12 ಮಂದಿ ಯುವಕರನ್ನು ಒಪ್ಪಿಸಿ, ಇಲಾಖೆಯ ಕಟ್ಟಡದಲ್ಲೇ ಅಡುಗೆ ಮಾಡಿಸಿ, ಊಟದ ಜೊತೆ ಬೋರಾಕ್ಸ್, ಆಮೇಲೆ ಫಾರ್ಮಾಲ್ಡಿಹೈಡ್‌ನಂಥ ಸಂರಕ್ಷಕಗಳನ್ನು ಕೊಟ್ಟು, ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ತೂಗಿ ಬರೆದಿಟ್ಟರು. ಕಾಯ್ದೆ ಬಂದ ಮೇಲೆ ಮಾರ್ಫೀನ್, ಕೊಕೇನ್, ಮದ್ಯಸಾರ ಮುಂತಾದ ಕೆಲವು ಪದಾರ್ಥಗಳಿದ್ದರೆ ಔಷಧದ ಚೀಟಿಯಲ್ಲಿ ಹೇಳಲೇಬೇಕಾಯಿತು. ಹಲ್ಲು ಬರುವ ಕೂಸುಗಳನ್ನು ಮಲಗಿಸುವ ಸಿರಪ್‌ನಲ್ಲಿ ಇರುವುದು ಮಾರ್ಫೀನ್ ಎಂದು ತಾಯಂದಿರಿಗೆ ಆಗ ಗೊತ್ತಾಯಿತು.

ಆದರೆ ಮಾರುವ ಮುಂಚೆ ಔಷಧ ಸುರಕ್ಷಿತವೆಂದು ತೋರಿಸಬೇಕು ಎಂಬ ಷರತ್ತು ಇರಲಿಲ್ಲ. ಇರುವ ಷರತ್ತೆಲ್ಲ ಚೀಟಿಯ ಮೇಲಿನದು. 1911ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಕಿರಿದು ಮಾಡಿ, ಒಳಗೇನಿದೆ ಎಂಬ ಸುಳ್ಳು ಅಪರಾಧ, ಇದು ಕ್ಯಾನ್ಸರ್ ವಾಸಿ ಮಾಡುತ್ತದೆ ಎಂಬ ಸುಳ್ಳು ಈ ಕಾಯ್ದೆಗೆ ಸಿಗದು ಎಂದಿತು. 1912ರ ತಿದ್ದುಪಡಿ ಈ ತೂತನ್ನು ಅರ್ಧ ಮುಚ್ಚಿತು. ಮೋಸ ಮಾಡುವ ಉದ್ದೇಶವಿತ್ತು ಎಂದು ಸರ್ಕಾರವೇ ಸಾಬೀತು ಮಾಡಬೇಕಿತ್ತು. ಇದರ ಫಲ 1937ರಲ್ಲಿ ಕಂಡಿತು. ಸಲ್ಫಾನಿಲಮೈಡ್ ಎಂಬ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಸೇರಿಸಿ, ‘ಎಲಿಕ್ಸಿರ್’ ಎಂದು ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಹಲವರು. ಅದನ್ನು ಅಂಗಡಿಗಳಿಂದ ವಶಪಡಿಸಿಕೊಳ್ಳಲು ಅಧಿಕಾರಿಗಳಿಗೆ ಸಿಕ್ಕ ಕಾನೂನಿನ ನೆಪ ಒಂದೇ: ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಹೆಸರು ತಪ್ಪು. ವಿಷ ಎಂಬುದು ನೆಪವಾಗಲು ಸಾಲುತ್ತಿರಲಿಲ್ಲ. ಮರುವರ್ಷ ಬಂದ 1938ರ ಕಾಯ್ದೆ ಮಾರುವ ಮುಂಚೆಯೇ ಸುರಕ್ಷತೆಯ ಪುರಾವೆ ಕೇಳಿತು. (ಇದೇ ಗ್ಲೈಕಾಲ್ ಕೆಮ್ಮಿನ ಸಿರಪ್‌ಗಳಲ್ಲಿ ಸಿಕ್ಕಿತೆಂಬ ಸುದ್ದಿ ನಮಗೆ ಹೊಸದಲ್ಲ.)

ವಯಸ್ಸು ಗೊತ್ತಾಗುವುದು ಹೇಗೆ

ಮಕ್ಕಳ ವಿಷಯಕ್ಕೆ ಬರೋಣ. 1900ರ ಜನಗಣತಿಯಲ್ಲಿ 10ರಿಂದ 15 ವರ್ಷದ ದುಡಿಯುವ ಮಕ್ಕಳು 17.5 ಲಕ್ಷ. ಅರ್ಧಕ್ಕಿಂತ ಹೆಚ್ಚು ಮಂದಿ ಹೊಲಗಳಲ್ಲಿ. ಉಳಿದವರು ಗಿರಣಿ, ಗಣಿ, ಗಾಜಿನ ಕಾರ್ಖಾನೆ, ಬೀದಿ ವ್ಯಾಪಾರಗಳಲ್ಲಿ. ಹತ್ತಿ ಗಿರಣಿಯಲ್ಲಿ ಡಾಫರ್ ಎಂಬ ಕೆಲಸ ಹುಡುಗರದು: ನೂಲು ತುಂಬಿದ ಬಾಬಿನ್ ಕಿತ್ತು ಖಾಲಿಯದನ್ನು ಸಿಕ್ಕಿಸುವುದು. ಕೈ ಎಟುಕದವರು ಓಡುತ್ತಿರುವ ಯಂತ್ರದ ಮೇಲೆಯೇ ಹತ್ತಿ ನಿಲ್ಲುತ್ತಿದ್ದರು. ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲು ಜಾರಿ ಬರುವ ಇಳಿಜಾರು ತೊಟ್ಟಿಯ ಮೇಲೆ ಹಲಗೆ ಹಾಕಿಕೊಂಡು ಕೂತು ಕಲ್ಲು ಆರಿಸುವವರೂ ಹುಡುಗರೇ.

ಇಂಥ ವಯಸ್ಸಿನೊಳಗೆ ದುಡಿಸಬಾರದು ಎಂಬ ಕಾನೂನು ಹಲವು ರಾಜ್ಯಗಳಲ್ಲಿ ಆಗಲೇ ಇತ್ತು. ಅದು ಸೋತದ್ದು ಒಂದು ಕಾಗದಕ್ಕೆ. ದೇಶದ ಬಹುಭಾಗದಲ್ಲಿ ಜನನ ನೋಂದಣಿ ಇರಲಿಲ್ಲ. ಹಾಗಾಗಿ ಮಗುವಿನ ವಯಸ್ಸೆಂದರೆ ತಂದೆ ನೋಟರಿಯ ಮುಂದೆ ಪ್ರಮಾಣ ಮಾಡಿ ಹೇಳಿದ ವಯಸ್ಸು. ಹನ್ನೊಂದರ ಹುಡುಗ ಹದಿನಾಲ್ಕರವನಾಗಲು ಒಂದು ರುಜು ಸಾಕು. 1912ರಲ್ಲಿ ಜೂಲಿಯಾ ಲೇಥ್ರಪ್ ನೇತೃತ್ವದಲ್ಲಿ ಹುಟ್ಟಿದ ಕೇಂದ್ರದ ಮಕ್ಕಳ ಬ್ಯೂರೋ ಮೊದಲಿಗೆ ಹಿಡಿದದ್ದು ಕಾರ್ಖಾನೆಗಳನ್ನಲ್ಲ, ಜನನ ನೋಂದಣಿಯನ್ನು ಮತ್ತು ಶಿಶುಮರಣದ ಲೆಕ್ಕವನ್ನು. ನೀರಸವಾಗಿ ಕಾಣುವ ಈ ಗುಮಾಸ್ತಿಕೆ ನನ್ನ ಲೆಕ್ಕದಲ್ಲಿ ಆ ಕಾಲದ ಅತ್ಯಂತ ಜಾಣ ನಡೆ. 1915ರಲ್ಲಿ 10 ರಾಜ್ಯಗಳಿಂದ ಶುರುವಾದ ನೋಂದಣಿ ವಲಯಕ್ಕೆ ಎಲ್ಲ ರಾಜ್ಯಗಳೂ ಸೇರಿದ್ದು 1933ರಲ್ಲಿ.

ಅಷ್ಟರವರೆಗೆ ಸಾಕ್ಷ್ಯ ಸಂಗ್ರಹಿಸುವುದೂ ಒಂದು ಕಸುಬಾಗಿತ್ತು. 1904ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ 1908ರಲ್ಲಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕರನ್ನು ನೇಮಿಸಿಕೊಂಡಿತು. ಗಿರಣಿಯ ಗೇಟಿನಲ್ಲಿ ಅವರು ಬೈಬಲ್ ಮಾರುವವರು, ಪೋಸ್ಟ್‌ಕಾರ್ಡ್ ಮಾರುವವರು, ಯಂತ್ರಗಳ ಚಿತ್ರ ತೆಗೆಯಲು ಬಂದವರು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗು ಎದುರಿಗೆ ನಿಂತಾಗ ಅದರ ತಲೆ ಯಾವ ಗುಂಡಿಗೆ ಬಂತೆಂದು ನೋಡಿ, ಜೇಬಿನೊಳಗೆ ಕೈಬಿಟ್ಟೇ ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದರು. ಮನೆಗೆ ಹೋದರೆ ಕುಟುಂಬದ ಬೈಬಲ್ಲಿನಲ್ಲಿ ಬರೆದಿಟ್ಟ ಹುಟ್ಟಿದ ದಿನದ ಫೋಟೋ ತೆಗೆಯುತ್ತಿದ್ದರು. ತಂದೆಯ ಪ್ರಮಾಣಪತ್ರ ಸುಳ್ಳೆಂದು ಹೇಳಲು ಅದಕ್ಕಿಂತ ದೊಡ್ಡ ದಾಖಲೆ ಬೇಕಿರಲಿಲ್ಲ.

ಇಷ್ಟೆಲ್ಲ ಆಗಿ ಬಂದ ಕೀಟಿಂಗ್–ಓವೆನ್ ಕಾಯ್ದೆ ಜಾರಿಯಾದದ್ದು 1917ರ ಸೆಪ್ಟೆಂಬರ್ 1ರಂದು, ಸತ್ತದ್ದು 1918ರ ಜೂನ್ 3ರಂದು. ನಾರ್ತ್ ಕೆರೊಲಿನಾದ ಶಾರ್ಲಟ್‌ನ ಗಿರಣಿ ಕಾರ್ಮಿಕ ರೋಲಂಡ್ ಡೇಗೆನ್‌ಹಾರ್ಟ್ ತನ್ನ ಇಬ್ಬರು ಗಂಡುಮಕ್ಕಳ ದುಡಿಮೆ ತನಗೆ ತಪ್ಪುತ್ತದೆಂದು ದಾವೆ ಹೂಡಿದ. ದಾವೆಯ ಹಿಂದೆ ಇದ್ದವರು ಗಿರಣಿ ಮಾಲೀಕರು. ಸುಪ್ರೀಂ ಕೋರ್ಟು 5–4ರಿಂದ ಅವನ ಪರ ತೀರ್ಪಿತ್ತಿತು. ವಾದ ಹೀಗಿತ್ತು: ಕೊಳೆತ ಆಹಾರ, ಲಾಟರಿ ಟಿಕೆಟು ಇಂಥವು ಸಾಗಣೆಯಿಂದಲೇ ಕೇಡು ತರುತ್ತವೆ, ಅವನ್ನು ತಡೆಯಬಹುದು. ಬಟ್ಟೆ ತಾನಾಗಿ ನಿರಪಾಯಕಾರಿ. ಅದನ್ನು ಯಾರು ನೇಯ್ದರೆಂಬುದು ರಾಜ್ಯದ ವಿಚಾರ. ಮಾಂಸದ ಕಾನೂನು ಉಳಿದು ಮಕ್ಕಳ ಕಾನೂನು ಬಿದ್ದದ್ದು ಈ ಒಂದು ಗೆರೆಯ ಆಚೀಚೆ. ಆ ಇಬ್ಬರು ಹುಡುಗರಲ್ಲಿ ಒಬ್ಬನಾದ ರೂಬೆನ್‌ನನ್ನು ಕೆಲವು ವರ್ಷಗಳ ನಂತರ ಪತ್ರಕರ್ತರೊಬ್ಬರು ಹುಡುಕಿಕೊಂಡು ಹೋದರು. ಇಪ್ಪತ್ತರ ಆ ಗಂಡಸು ತೂಗುತ್ತಿದ್ದದ್ದು 105 ಪೌಂಡ್, ಅಂದರೆ 48 ಕಿಲೋ ಕೂಡ ಇಲ್ಲ, ಓದೂ ಇರಲಿಲ್ಲ.

ವ್ಯಾಪಾರದ ಗೂಟ ಕಿತ್ತಿತು, ಕಾಂಗ್ರೆಸ್ ತೆರಿಗೆಯ ಗೂಟಕ್ಕೆ ಕಟ್ಟಿತು: 1919ರಲ್ಲಿ ಮಕ್ಕಳನ್ನು ದುಡಿಸುವ ಸಂಸ್ಥೆಯ ನಿವ್ವಳ ಲಾಭದ ಮೇಲೆ ಶೇ. 10. ಇದು ತೆರಿಗೆಯಲ್ಲ, ತೆರಿಗೆಯ ವೇಷದ ದಂಡ ಎಂದು 1922ರಲ್ಲಿ ಕೋರ್ಟು ಅದನ್ನೂ ಹೊಡೆದುಹಾಕಿತು. 1924ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಕಳಿಸಿದರು. ಕರಡಿನಲ್ಲಿ 18 ತುಂಬದವರ ದುಡಿಮೆಯನ್ನು ನಿಯಂತ್ರಿಸುವ ಅಧಿಕಾರ ಎಂದು ಬರೆದರು. ಆ ಹದಿನೆಂಟು ದುಬಾರಿಯಾಯಿತು. ಹದಿನೇಳರ ಮಗ ಮನೆಯ ಹಸು ಕರೆದರೂ ವಾಷಿಂಗ್ಟನ್‌ನಿಂದ ಇನ್‌ಸ್ಪೆಕ್ಟರ್ ಬರುತ್ತಾನೆ ಎಂದು ವಿರೋಧಿಗಳು ರೈತರನ್ನು ಹೆದರಿಸಿದರು. ಬೇಕಾದ 36 ರಾಜ್ಯಗಳ ಒಪ್ಪಿಗೆ ಸಿಗಲೇ ಇಲ್ಲ.

ಒಂಬತ್ತನೇ ಮಹಡಿ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ನಮ್ಮ ಗಾದೆ. ನ್ಯೂಯಾರ್ಕಿನಲ್ಲಿ ಹೆಂಗಸರ ಉಡುಪು ಹೊಲಿಯುವ ಟ್ರಯಾಂಗಲ್ ಕಂಪನಿಯಲ್ಲಿ ಬಾಗಿಲು ಮೊದಲೇ ಹಾಕಿತ್ತು. ಕೆಲಸ ಬಿಟ್ಟು ಹೋಗುವ ಹೆಣ್ಣುಮಕ್ಕಳ ಚೀಲ ಪರೀಕ್ಷಿಸಲು ಒಂದೇ ದಾರಿ ತೆರೆದಿಡುತ್ತಿದ್ದರು. 1911ರ ಮಾರ್ಚ್ 25, ಶನಿವಾರ, ಸಂಜೆ ಸುಮಾರು 4:40ಕ್ಕೆ ಎಂಟನೇ ಮಹಡಿಯ ಕಟಿಂಗ್ ಟೇಬಲ್ಲಿನ ಕೆಳಗಿನ ಚಿಂದಿಯ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು. ಸತ್ತವರು 146 ಮಂದಿ, ಹೆಚ್ಚಿನವರು ವಲಸೆ ಬಂದ ಯಹೂದಿ ಮತ್ತು ಇಟಲಿಯ ಹುಡುಗಿಯರು.

ಎಲ್ಲೆಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಒಂದೊಂದು ನಿಯಮವೂ ಇದರಲ್ಲಿ ಒಂದೊಂದಕ್ಕೆ ಉತ್ತರ. ಎಂಟನೇ ಮಹಡಿಯ ನೀರಿನ ಕೊಳವೆಯ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ. ಮಾಲೀಕರಿದ್ದ ಹತ್ತನೇ ಮಹಡಿಗೆ ಫೋನ್ ಹೋಯಿತು. ಅಲ್ಲಿ ಸ್ವಿಚ್‌ಬೋರ್ಡ್ ನೋಡುವವರು ಬಿಟ್ಟು ಓಡಿದ್ದರಿಂದ ಒಂಬತ್ತಕ್ಕೆ ಸುದ್ದಿ ಮುಟ್ಟಲಿಲ್ಲ. ಹತ್ತರಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಛಾವಣಿ ಹತ್ತಿ ಉಳಿದರು. ಒಂಬತ್ತರಲ್ಲಿ ವಾಷಿಂಗ್ಟನ್ ಪ್ಲೇಸ್ ಕಡೆಯ ಮೆಟ್ಟಿಲಿನ ಬಾಗಿಲಿಗೆ ಬೀಗ. ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು; ಸಾಧ್ಯವಿದ್ದಲ್ಲಿ ಹೊರಮುಖವಾಗಿರಬೇಕು ಎಂದು ಕಾನೂನಿತ್ತು, ಮೆಟ್ಟಿಲ ತಿರುವು ಕಿರಿದಾದ್ದರಿಂದ ಸಾಧ್ಯವಿಲ್ಲ ಎಂದರೆ ಮುಗಿಯಿತು. ಕಟ್ಟಡಕ್ಕೆ ಮೂರು ಮೆಟ್ಟಿಲ ದಾರಿ ಬೇಕಿತ್ತು, ಇದ್ದದ್ದು ಎರಡು. ಹಿಂಬದಿಯ ಕಬ್ಬಿಣದ ಏಣಿಯನ್ನೇ ಮೂರನೆಯದೆಂದು ಲೆಕ್ಕ ಹಿಡಿದಿದ್ದರು. ಜನರ ಭಾರಕ್ಕೆ ಅದು ಕಳಚಿ ಬಿತ್ತು. 150 ಅಡಿಗಿಂತ ಗಿಡ್ಡವಾದ ಕಟ್ಟಡಕ್ಕೆ ಮರದ ನೆಲ, ಮರದ ಕಿಟಕಿ ಇರಬಹುದಿತ್ತು. ಇದರ ಎತ್ತರ 135. ಅಗ್ನಿಶಾಮಕ ದಳದ ಏಣಿ ಎಟುಕಿದ್ದು ಆರನೇ ಮಹಡಿಗೆ.

ಮಾಲೀಕರ ಮೇಲಿನ ಮೊಕದ್ದಮೆಯಲ್ಲಿ ಬಾಗಿಲು ಆ ಗಳಿಗೆಯಲ್ಲಿ ಬೀಗ ಹಾಕಿತ್ತು ಎಂಬುದು ಅವರಿಗೆ ಗೊತ್ತಿತ್ತು ಎಂದು ಸಾಬೀತಾಗಬೇಕಿತ್ತು. ಆಗಲಿಲ್ಲ, ಡಿಸೆಂಬರಿನಲ್ಲಿ ಖುಲಾಸೆಯಾದರು. 1914ರಲ್ಲಿ ಸತ್ತವರ ಮನೆಯವರಿಗೆ ತಲಾ 75 ಡಾಲರ್ ಪರಿಹಾರ. ನಡುವೆ 1913ರಲ್ಲಿ ಮಾಲೀಕರಲ್ಲೊಬ್ಬರಾದ ಮ್ಯಾಕ್ಸ್ ಬ್ಲ್ಯಾಂಕ್ ಹೊಸ ಕಾರ್ಖಾನೆಯಲ್ಲೂ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದರು. ದಂಡ 20 ಡಾಲರ್.

ಕೋರ್ಟಿನಲ್ಲಿ ಆಗದ್ದು ಶಾಸನಸಭೆಯಲ್ಲಿ ಆಯಿತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷತೆ, ಆಲ್ ಸ್ಮಿತ್ ಉಪಾಧ್ಯಕ್ಷತೆಯ ಕಾರ್ಖಾನೆ ತನಿಖಾ ಆಯೋಗ ಮೊದಲ ವರ್ಷವೇ 1,800ಕ್ಕೂ ಹೆಚ್ಚು ಕಾರ್ಖಾನೆಗಳನ್ನು ನೋಡಿತು. ಆ ಬೆಂಕಿಯನ್ನು ಬೀದಿಯಲ್ಲಿ ನಿಂತು ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಆಯೋಗದ ಸದಸ್ಯರನ್ನು ಕಾರ್ಖಾನೆಗಳಿಗೇ ಕರೆದೊಯ್ದು ತೋರಿಸಿದರು. ಬೀಗ ಹಾಕದ, ಹೊರಕ್ಕೆ ತೆರೆಯುವ ಬಾಗಿಲು, ಬೆಂಕಿಯ ಕವಾಯತು, ಎತ್ತರದ ಮಹಡಿಗಳಲ್ಲಿ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್, ಕಾರ್ಖಾನೆಯೊಳಗೆ ಬೀಡಿ ಸಿಗರೇಟು ನಿಷೇಧ ಹೀಗೆ ಮೂವತ್ತಕ್ಕೂ ಹೆಚ್ಚು ಕಾನೂನು ಬಂದವು. ರಾಜಿ ಇಲ್ಲದೆ ಯಾವುದೂ ಬರಲಿಲ್ಲ: ಹೆಂಗಸರಿಗೆ ವಾರಕ್ಕೆ 54 ಗಂಟೆಯ ಮಿತಿ 1912ರಲ್ಲಿ ಪಾಸಾದದ್ದು ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳನ್ನು ಹೊರಗಿಟ್ಟು. ಮುಂದೆ 1933ರಲ್ಲಿ ಪರ್ಕಿನ್ಸ್ ಅಮೆರಿಕದ ಮೊದಲ ಮಹಿಳಾ ಸಚಿವೆಯಾದರು, ಖಾತೆ ಕಾರ್ಮಿಕರದೇ.

ಬೆಂಕಿಯ ಹಿಂದಿನ ದಿನವೇ, ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಉಚ್ಚ ನ್ಯಾಯಾಲಯ ಅಪಘಾತ ಪರಿಹಾರ ಕಾಯ್ದೆಯನ್ನು ರದ್ದು ಮಾಡಿತ್ತು. ಹಳೆಯ ಪದ್ಧತಿಯಲ್ಲಿ ಗಾಯಗೊಂಡವನು ದಾವೆ ಹೂಡಬೇಕು. ಮಾಲೀಕನ ಬಳಿ ಮೂರು ಉತ್ತರ ಸಿದ್ಧ: ನಿನ್ನದೂ ತಪ್ಪಿತ್ತು, ನಿನ್ನ ಜೊತೆಗಾರನ ತಪ್ಪಿತ್ತು, ಅಪಾಯ ಗೊತ್ತಿದ್ದೇ ಸೇರಿದೆ. ಹೊಸ ಕಾಯ್ದೆಗಳು ತಪ್ಪು ಯಾರದೆಂಬ ಪ್ರಶ್ನೆಯನ್ನೇ ತೆಗೆದು, ಗೊತ್ತುಮಾಡಿದ ಮೊತ್ತವನ್ನು ವಿಮೆಯಿಂದ ಕೊಡಿಸಿದವು. ವಿಸ್ಕಾನ್ಸಿನ್ 1911ರಲ್ಲೇ ಜಾರಿಗೆ ತಂದಿತು; ನ್ಯೂಯಾರ್ಕ್ 1913ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು. ಅಪಘಾತ ಹೆಚ್ಚಾದರೆ ಪ್ರೀಮಿಯಂ ಹೆಚ್ಚು. ಸರ್ಕಾರಿ ಇನ್‌ಸ್ಪೆಕ್ಟರ್ ವರ್ಷಕ್ಕೊಮ್ಮೆ ಬಂದಾನು, ಪ್ರೀಮಿಯಂ ಕಟ್ಟುವ ದಿನ ತಪ್ಪದೆ ಬರುತ್ತದೆ.

ಶುಂಠಿಯ ಕಷಾಯ

ಪಾನನಿಷೇಧ ಇದರ ತದ್ವಿರುದ್ಧ. ಮದ್ಯದ ಸುಂಕದಿಂದ ಕೇಂದ್ರಕ್ಕೆ ದೊಡ್ಡ ಆದಾಯವಿತ್ತು; 1913ರಲ್ಲಿ ಆದಾಯ ತೆರಿಗೆ ಬಂದ ಮೇಲೆ ಅದನ್ನು ಬಿಟ್ಟುಕೊಡುವುದು ಸಾಧ್ಯವೆನಿಸಿತು. ಮದ್ಯದಂಗಡಿಗಳ ವಿರುದ್ಧದ ಸಂಘಟನೆಯಾದ ಆ್ಯಂಟಿ-ಸಲೂನ್ ಲೀಗ್ ಪಕ್ಷ ನೋಡದೆ, ನಿಷೇಧದ ಪರ ಮತ ಹಾಕುವ ಅಭ್ಯರ್ಥಿಗೆ ಮಾತ್ರ ಬೆಂಬಲ ಕೊಟ್ಟು ಶಾಸನಸಭೆಗಳನ್ನು ಗೆದ್ದಿತು. 1920ರ ಜನವರಿ 17ರಿಂದ ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರದ ಪಾನೀಯವನ್ನು ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡಿಯುವುದು ಅಪರಾಧವಲ್ಲ. ಇಡೀ ದೇಶಕ್ಕೆ ಆರಂಭದಲ್ಲಿ ಸುಮಾರು 1,500 ಕೇಂದ್ರ ಸಿಬ್ಬಂದಿ. ಚರ್ಚಿನ ದ್ರಾಕ್ಷಾರಸಕ್ಕೆ ವಿನಾಯಿತಿ. ವೈದ್ಯರ ಚೀಟಿ ಇದ್ದರೆ ಹತ್ತು ದಿನಕ್ಕೊಂದು ಪೈಂಟ್ ವಿಸ್ಕಿ. ಚಾಪೆಯ ಕೆಳಗೆ ತೂರುವವರಿಗೆ ರಂಗೋಲಿಯ ಕೆಳಗೆ ತೂರುವವರೂ ಜೊತೆಯಾದರು.

ಒಂದು ಉದಾಹರಣೆ ಸಾಕು. ಶೇ. 70–80 ಮದ್ಯಸಾರವಿದ್ದ ಜಮೈಕಾ ಶುಂಠಿಯ ಸಾರವನ್ನು ಹೊಟ್ಟೆನೋವಿನ ಔಷಧವೆಂದು ಮಾರಬಹುದಿತ್ತು. ಯಾರೂ ಸುಮ್ಮನೆ ಕುಡಿಯದಂತೆ ಅದರಲ್ಲಿ ಇಂತಿಷ್ಟು ಶುಂಠಿಯ ಘನಾಂಶ ಇರಲೇಬೇಕೆಂದು ಸರ್ಕಾರ ಹೇಳಿತು; ಪರೀಕ್ಷಕರು ದ್ರವವನ್ನು ಕಾಯಿಸಿ ಆರಿಸಿ ಉಳಿದದ್ದನ್ನು ತೂಗುತ್ತಿದ್ದರು. ಕಳ್ಳ ತಯಾರಕರು ಘಾಟಿನ ಶುಂಠಿ ಕಡಿಮೆ ಮಾಡಿ ಹರಳೆಣ್ಣೆಯಂಥದ್ದನ್ನು ಬೆರೆಸಿ ತೂಕ ಸರಿದೂಗಿಸಿದರು. 1930ರಲ್ಲಿ ಅದರ ಬದಲಿಗೆ ಕೈಗಾರಿಕೆಯಲ್ಲಿ ಬಳಸುವ ಒಂದು ಫಾಸ್ಫೇಟ್ ರಾಸಾಯನಿಕ ಬೆರೆಸಿದರು. ತೂಕ ಸರಿಬಂತು, ಪರೀಕ್ಷೆ ಪಾಸಾಯಿತು, ಸಾವಿರ ಸಾವಿರ ಬಡವರ ಕಾಲು ಬಿದ್ದುಹೋಯಿತು. 1933ರ ಡಿಸೆಂಬರ್ 5ರಂದು ನಿಷೇಧ ರದ್ದಾಗುವಾಗ ಆರ್ಥಿಕ ಕುಸಿತದ ನಡುವೆ ಸರ್ಕಾರಕ್ಕೆ ಸುಂಕದ ಹಣವೂ ಬೇಕಾಗಿತ್ತು. ಆದರೂ ಮೊದಲ ವರ್ಷಗಳಲ್ಲಿ ಕುಡಿತವೂ ಪಿತ್ತಜನಕಾಂಗದ ಕಾಯಿಲೆಯ ಸಾವೂ ಇಳಿದಿದ್ದವು ಎಂಬುದನ್ನು ಮರೆತು ಇದನ್ನು ಬರೀ ನಗೆಪಾಟಲು ಮಾಡುವುದು ನ್ಯಾಯವಲ್ಲ.

ಮಹಿಳೆಯರ ಮತದಾನದ ಹಕ್ಕು 1920ರ ಆಗಸ್ಟ್ 18ರಂದು ಟೆನೆಸಿಯಲ್ಲಿ ದಡ ಮುಟ್ಟಿತು. 24 ವರ್ಷದ ಶಾಸಕ ಹ್ಯಾರಿ ಬರ್ನ್ ತಾಯಿಯ ಪತ್ರ ಜೇಬಿನಲ್ಲಿಟ್ಟುಕೊಂಡು ಬಂದು ಪರವಾಗಿ ಮತ ಹಾಕಿದರು. ದಕ್ಷಿಣದ ಕಪ್ಪು ಮಹಿಳೆಯರನ್ನು ಮಾತ್ರ ತಲೆಗಂದಾಯ, ಅಕ್ಷರ ಪರೀಕ್ಷೆಗಳು ಹೊರಗೇ ಇಟ್ಟವು. ಅಲ್ಲಿಗೆ ಕೇಂದ್ರದ ಪರೀಕ್ಷಕರು ಕಾಲಿಟ್ಟದ್ದು 1965ರ ಮತದಾನ ಹಕ್ಕು ಕಾಯ್ದೆಯ ನಂತರ.

ಸುಧಾರಣೆಯ ಹೆಸರಿನಲ್ಲೇ ನಡೆದ ಕೆಲಸಗಳೂ ಇವೆ. 1907ರಲ್ಲಿ ಇಂಡಿಯಾನಾ ‘ಅಯೋಗ್ಯ’ರ ಸಂತಾನಹರಣ ಚಿಕಿತ್ಸೆಗೆ ಕಾನೂನು ಮಾಡಿತು, 1927ರಲ್ಲಿ ವರ್ಜೀನಿಯಾದ ಅಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟು 8–1ರಿಂದ ಎತ್ತಿಹಿಡಿಯಿತು. ಬಟ್ಟೆಯ ಮೂಟೆ ತಡೆಯಲು ಸಿಗದ ಅಧಿಕಾರ ಇಲ್ಲಿ ಸುಲಭವಾಗಿ ಸಿಕ್ಕಿತು. ಒಟ್ಟು 60,000ಕ್ಕೂ ಹೆಚ್ಚು ಜನ ಇದಕ್ಕೆ ಒಳಗಾದರು. 1917ರ ವಲಸೆ ಕಾಯ್ದೆ ಭಾರತವನ್ನೂ ಒಳಗೊಂಡ ನಿರ್ಬಂಧಿತ ವಲಯವನ್ನು ಗುರುತಿಸಿತು. 1946ರಲ್ಲಿ ಬಾಗಿಲು ಸಂದಿಯಷ್ಟು, ವರ್ಷಕ್ಕೆ 100 ಜನರಷ್ಟು, ತೆರೆಯಿತು. ಇಂದು ಅಲ್ಲಿರುವ ಕನ್ನಡ ಕುಟುಂಬಗಳ ಹಿರಿಯ ತಲೆಮಾರು ಬಹುತೇಕ 1965ರ ಹೊಸ ವಲಸೆ ಕಾಯ್ದೆಯ ನಂತರ ಹೋದದ್ದಕ್ಕೆ ಕಾರಣ ಇದೇ.

ಮಕ್ಕಳ ಕಾನೂನು ಕೊನೆಗೂ ನಿಂತದ್ದು 1938ರ ನ್ಯಾಯಯುತ ದುಡಿಮೆ ಕಾಯ್ದೆಯಲ್ಲಿ. ಸಾಮಾನ್ಯ ಮಿತಿ 16 ವರ್ಷ, ಅಪಾಯದ ಕೆಲಸಕ್ಕೆ 18. ತಂತ್ರ ಮಾತ್ರ ಹಳೆಯದೇ, ಅದೇ 30 ದಿನ, ಅದೇ ಮಾಲಿನ ಸಾಗಣೆ ನಿಷೇಧ. ಬದಲಾದದ್ದು ಕೋರ್ಟು, 1941ರಲ್ಲಿ ಅದು ತನ್ನ 1918ರ ತೀರ್ಪನ್ನು ತಾನೇ ಅಳಿಸಿಹಾಕಿತು. ಹೊಲದ ಕೆಲಸಕ್ಕೆ ನಿಯಮ ಸಡಿಲವಾಗಿಯೇ ಉಳಿಯಿತು: ಪೋಷಕರ ಒಪ್ಪಿಗೆಯಿದ್ದರೆ ಶಾಲೆಯ ವೇಳೆ ಬಿಟ್ಟು 12ರ ಮಗುವೂ ಕೂಲಿಗೆ ಹೋಗಬಹುದು, ಇವತ್ತಿಗೂ. 1924ರ ತಿದ್ದುಪಡಿಗೆ ಕಾಲಮಿತಿ ಹಾಕಿರಲಿಲ್ಲವಾದ್ದರಿಂದ ಅದೂ ರದ್ದಾಗಿಲ್ಲ. 28 ರಾಜ್ಯಗಳ ಒಪ್ಪಿಗೆ ಪಡೆದು, ಈಗ ಬೇಕಾದ 38ಕ್ಕೆ ಇನ್ನೂ ಹತ್ತು ಕಡಿಮೆಯಾಗಿ, ಕಡತದಲ್ಲಿ ಕೂತಿದೆ.